ದೋಣಿಯ ಎಂಜಿನ್ನೂ ರೋಗನಿದಾನವೂ

ವೈದ್ಯನ ಮಾತನ್ನು ರೋಗಿಯು ಪರೀಕ್ಷಿಸಬಹುದೆ? ಪರೀಕ್ಷಿಸುವಷ್ಟು ಶಾಸ್ತ್ರ ತನಗೇ ತಿಳಿದಿದ್ದರೆ ಅವನು ವೈದ್ಯನ ಬಾಗಿಲಿಗೆ ಹೋಗಬೇಕಾಗಿಯೇ ಇರಲಿಲ್ಲ. ತಿಳಿಯದಿದ್ದರೆ ಯಾವ ಬಲದಿಂದ ಪರೀಕ್ಷಿಸಿಯಾನು? ಈ ತೊಡಕು ಹಳೆಯದು. ಆದರೆ ಯಂತ್ರಗಳೊಡನೆ ಬಾಳುವ ನಮಗೆ ಅದು ಆಸ್ಪತ್ರೆಯಲ್ಲಿ ಎದುರಾಗುವುದಕ್ಕಿಂತ ಹೆಚ್ಚಾಗಿ ಗ್ಯಾರೇಜಿನಲ್ಲಿ ಎದುರಾಗುತ್ತದೆ. ತೋಟದ ಪಂಪು ನಿಂತಾಗ, ಅಕ್ಕಿ ಗಿರಣಿ ಕೆಟ್ಟಾಗ, ಮೋಟಾರು ಸೈಕಲ್ಲು ದಾರಿಯಲ್ಲಿ ಮುನಿದಾಗ ನಾವು ಕೈಗೆ ಮಸಿ ಹತ್ತಿದ ಒಬ್ಬ ಮನುಷ್ಯನ ಮುಂದೆ ನಿಲ್ಲುತ್ತೇವೆ. ಅವನು ಯಂತ್ರಕ್ಕೆ ಕಿವಿಗೊಟ್ಟು, ಎರಡು ಬಾರಿ ತಲೆಯಾಡಿಸಿ, ಒಂದು ವಾಕ್ಯ ಹೇಳುತ್ತಾನೆ. ಆ ಒಂದು ವಾಕ್ಯದ ಮೇಲೆ ನಮ್ಮ ಹಣವೂ ಕೆಲವು ವೇಳೆ ಪ್ರಾಣವೂ ನಿಂತಿರುತ್ತದೆ.

ಪ್ರಾಣವೆಂದದ್ದು ಅತಿಶಯೋಕ್ತಿಯಲ್ಲ. ನಮ್ಮ ಕರಾವಳಿಯ ನಾಡದೋಣಿಗಳನ್ನು ನೆನೆಯಿರಿ. ದೋಣಿಯ ಹಿಂಬದಿಗೆ ಕಚ್ಚಿಸಿ ನೀರಿಗೆ ಇಳಿಬಿಡುವ ಎಂಜಿನ್ನಿಗೆ ಔಟ್‌ಬೋರ್ಡ್ ಎಂಜಿನ್ ಎಂದು ಹೆಸರು. ನಾರ್ವೆಯಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ಓಲೆ ಎವಿನ್‌ರೂಡ್ ಎಂಬವನು 1909ರಲ್ಲಿ ಮಿಲ್ವಾಕಿ ನಗರದಲ್ಲಿ ಇದನ್ನು ಮಾರಾಟಕ್ಕೊಗ್ಗುವ ರೂಪಕ್ಕೆ ತಂದನು. ಜಪಾನಿನ ಯಮಾಹಾ ಸಂಸ್ಥೆಯ ಮೊದಲ ಔಟ್‌ಬೋರ್ಡ್ ಎಂಜಿನ್ ಬಂದದ್ದು 1960ರಲ್ಲಿ. ಸರೋವರಗಳಲ್ಲಿ ವಿಹರಿಸುವವರ ಶ್ರಮ ತಗ್ಗಿಸಲು ಹೊರಟ ಯಂತ್ರವು ಕಾಲಾಂತರದಲ್ಲಿ ನಮ್ಮ ತೀರಕ್ಕೂ ಬಂದು, ಹುಟ್ಟು ಹಾಕುತ್ತಿದ್ದ ತೋಳುಗಳ ಕೆಲಸವನ್ನು ತಾನು ವಹಿಸಿಕೊಂಡಿತು. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಮ್ಮಲ್ಲಿ ನಿಷೇಧವಿರುವುದು ವಾಚಕರಿಗೆ ತಿಳಿದೇ ಇದೆ. 10 ಅಶ್ವಶಕ್ತಿಯ ವರೆಗಿನ ಎಂಜಿನ್ ಕಟ್ಟಿಕೊಂಡ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಎಂದರೆ, ಕಡಲು ಅತ್ಯಂತ ಕೆರಳಿರುವ ಕಾಲದಲ್ಲೇ ಅತ್ಯಂತ ಸಣ್ಣ ದೋಣಿಗಳಿಗೆ ದುಡಿಮೆ. ಹೊಳೆ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ, ಅಲೆ ಮುರಿದು ಬೀಳುವ ಜಾಗದಲ್ಲಿ, ಎಂಜಿನ್ ಒಂದು ಗಳಿಗೆ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಎಂಜಿನ್ನಿನ ಬೆಲೆ ಎಲ್ಲರ ಕೈಗೆ ನಿಲುಕದು. ಆದುದರಿಂದ ಹಳೆಯ ಎಂಜಿನ್ನು ಕೊಳ್ಳುವುದೂ ಮಾರುವುದೂ ಸಾಮಾನ್ಯ. ಹಳೆಯ ಎಂಜಿನ್ ಕೊಳ್ಳುವವನು ನಿಜವಾಗಿ ಕೊಳ್ಳುವುದು ಒಬ್ಬ ಮೆಕ್ಯಾನಿಕ್ಕಿನ ಮಾತನ್ನು. ಆ ಮಾತಿನ ಬೆಲೆ ಕಟ್ಟುವುದು ಹೇಗೆ?

ಒಂದು ಮಾತು, ಎರಡು ಪಕ್ಷ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುಂದಾಪುರದ ಕಡೆಯವನು. ಈಗ ತಾನೂ ಉಪಾಧ್ಯಾಯ. ಅವನ ತಂದೆಯೂ ಅಣ್ಣನೂ ನಾಡದೋಣಿಯವರು. ಮಳೆಗಾಲಕ್ಕೆ ಮುನ್ನ ಸಾಲ ಮಾಡಿ ಎರಡು ಸಿಲಿಂಡರಿನ, ಸೀಮೆಎಣ್ಣೆಯಲ್ಲಿ ನಡೆಯುವ ಹಳೆಯ ಎಂಜಿನ್ನೊಂದನ್ನು ಕೊಳ್ಳಬೇಕೆಂದಿದ್ದರು. ಅದನ್ನು ನೋಡಲು ಹೊರಟಾಗ ರಜೆಯಲ್ಲಿ ಅವರ ಮನೆಗೆ ಹೋಗಿದ್ದ ನನ್ನನ್ನೂ ಜೊತೆಗೆ ಕರೆದರು. ನನಗೆ ಯಂತ್ರಜ್ಞಾನವಿದೆಯೆಂಬ ಭ್ರಮೆ ಅವರಿಗಿರಲಿಲ್ಲ. ಊರಿನ ಹೊರಗಿನ ನಾಲ್ಕು ಜನರೆದುರು ಮಾತು ಆಗಲಿ ಎಂಬುದಷ್ಟೆ ಅವರ ಎಣಿಕೆ.

ಮಾರುವವನು ಮಾತುಬಲ್ಲವನು. ಎಂಜಿನ್ನಿನ ಪೂರ್ವೋತ್ತರವನ್ನೆಲ್ಲ ಕ್ರಮವಾಗಿ ವಿವರಿಸಿದನು. ಕಡಲಿನಲ್ಲಿ ಸ್ವಲ್ಪ ಬಲ ಕುಗ್ಗುತ್ತದೆ ಎಂಬುದನ್ನು ಮರೆಮಾಚದೆ ಒಪ್ಪಿದನು. ಕಾರಣ ಕಾರ್ಬೊರೇಟರಿನ ಕೊಳೆ, ಎರಡು ಬಾರಿ ಶುಚಿಮಾಡಿಸಿದಾಗಲೂ ಗುಣ ಕಂಡಿತು, ಹೊಸದನ್ನು ಹಾಕಿದರೆ ಮತ್ತೆ ಚಿಂತೆಯಿಲ್ಲ ಎಂದನು. ವಾಕ್ಯಗಳು ಒಂದಕ್ಕೊಂದು ಹೆಣೆದುಕೊಂಡಿದ್ದುವು. ಇವರು ಕರೆದುಕೊಂಡು ಹೋಗಿದ್ದ ಮೆಕ್ಯಾನಿಕ್ಕು ಐವತ್ತರ ಸಮೀಪದ ಮಿತಭಾಷಿ. ಹಗ್ಗ ಎಳೆದು ಎಂಜಿನ್ನನ್ನು ನಡೆಸಿದನು, ನಿಲ್ಲಿಸಿದನು, ಪ್ಲಗ್ಗು ಬಿಚ್ಚಿ ಮೂಗಿನ ಹತ್ತಿರ ಹಿಡಿದು ನೋಡಿದನು. “ಮೇಲಿಂದ್ ಹೋಯ್ತ್, ಹ್ವಾಯ್. ಬ್ಯಾಡ” ಎಂದಿಷ್ಟೇ ಹೇಳಿ ಕೈ ಒರೆಸಿಕೊಂಡನು. ಮೇಲಿನ ಸಿಲಿಂಡರು ಸವೆದು ಹಾಳಾಗಿದೆ, ಕೊಳ್ಳಬೇಡಿ ಎಂದು ಅರ್ಥ.

ನನ್ನ ವಿದ್ಯಾರ್ಥಿಗೆ ಮಾರುವವನ ಮಾತೇ ಹಿಡಿಸಿತು. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಓದಿದವರಾದ ನಮಗೆ ಚೆನ್ನಾಗಿ ಹೇಳಿದ ಮಾತು ನಿಜವಾದ ಮಾತಿನಂತೆ ಕೇಳಿಸುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ನೋಡುವ ಅಧ್ಯಾಪಕರಿಗೂ ಇದರ ಅನುಭವವುಂಟು: ಅಚ್ಚುಕಟ್ಟಾದ ವಾಕ್ಯಗಳ ಕೆಳಗೆ ಅಜ್ಞಾನ ಸುಖವಾಗಿ ಮಲಗಿರಬಹುದು, ತೊದಲುವ ಎರಡು ಸಾಲಿನಲ್ಲಿ ವಿಷಯ ಪೂರ್ತಿ ಅಡಗಿರಬಹುದು. ಮೆಕ್ಯಾನಿಕ್ಕಿನ ವಿದ್ಯೆ ಇರುವುದು ಬೆರಳಿನಲ್ಲಿ ಮತ್ತು ಕಿವಿಯಲ್ಲಿ. ಅಲ್ಲಿಂದ ನಾಲಗೆಗೆ ಬರುವ ಹೊತ್ತಿಗೆ ಅದರ ಬಹುಪಾಲು ದಾರಿಯಲ್ಲೇ ಉಳಿದುಹೋಗುತ್ತದೆ. ಆದರೆ ಇದರಿಂದ ಮಿತಭಾಷಿಯೇ ಸತ್ಯವಂತನೆಂದು ತೀರ್ಮಾನಿಸುವುದೂ ತಪ್ಪು. ಮೌನದ ಮರೆಯಲ್ಲಿಯೂ ಅಜ್ಞಾನ ಅಡಗಬಲ್ಲುದು. ಅಂದು ನಮ್ಮ ಮುಂದಿದ್ದುದು ಎರಡು ಪಕ್ಷಗಳು. ಎರಡಕ್ಕೂ ಪ್ರಮಾಣ ಬೇಕಾಗಿತ್ತು.

ಐದು ಮೆಟ್ಟಿಲು

ನಮ್ಮ ಆಯುರ್ವೇದದಲ್ಲಿ ರೋಗವನ್ನು ಅರಿಯಲು ಐದು ಸಾಧನಗಳನ್ನು ಹೇಳಿದ್ದಾರೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಮಾಧವನಿದಾನದಲ್ಲಿಯೂ ಇದರ ವಿವರವಿದೆ. ಮನುಷ್ಯದೇಹಕ್ಕಾಗಿ ಏರ್ಪಟ್ಟ ಈ ಕ್ರಮವು ಕಬ್ಬಿಣ, ಅಲ್ಯೂಮಿನಿಯಂಗಳ ದೇಹಕ್ಕೂ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದಾದ ನಿದಾನವೆಂದರೆ ಹೇತು. ರೋಗಕ್ಕೆ ಎಡೆಗೊಟ್ಟ ಆಹಾರವಿಹಾರ. ಎಂಜಿನ್ನಿಗೂ ಆಹಾರವಿಹಾರಗಳುಂಟು. ಸೀಮೆಎಣ್ಣೆಗೆ ಬೆರಸಿದ ಆಯಿಲಿನ ಪ್ರಮಾಣವೆಷ್ಟು? ಉಪ್ಪು ನೀರಿನಿಂದ ಬಂದ ಮೇಲೆ ಸಿಹಿನೀರು ಹಾಯಿಸಿ ಒಳಗನ್ನು ತೊಳೆಯುತ್ತಿದ್ದರೆ? ದೋಣಿ ಎಂದಾದರೂ ಮಗುಚಿ ಎಂಜಿನ್ ಕಡಲಿನಲ್ಲಿ ಮುಳುಗಿತ್ತೆ? ಮುಳುಗಿದ್ದರೆ ಎಷ್ಟು ಹೊತ್ತಿನಲ್ಲಿ ಬಿಚ್ಚಿ ಒಣಗಿಸಿದರು? ಇವು ಯಂತ್ರಶಾಸ್ತ್ರ ಅರಿಯದವನೂ ಕೇಳಬಹುದಾದ ಪ್ರಶ್ನೆಗಳು.

ಎರಡನೆಯದು ಪೂರ್ವರೂಪ, ರೋಗ ಪ್ರಕಟವಾಗುವ ಮೊದಲಿನ ಸೂಚನೆ. ಓಡುವ ಔಟ್‌ಬೋರ್ಡ್ ಎಂಜಿನ್ನಿನ ಬದಿಯಿಂದ ಒಂದು ಸಣ್ಣ ನೀರಿನ ಧಾರೆ ಹೊರಕ್ಕೆ ಚಿಮ್ಮುತ್ತಿರುತ್ತದೆ. ಎಂಜಿನ್ನನ್ನು ತಂಪಾಗಿಡಲು ಕೆಳಗಿನಿಂದ ಏರಿದ ಕಡಲ ನೀರು ತಾನು ಒಳಗೆ ಹರಿಯುತ್ತಿದ್ದೇನೆ ಎಂದು ಕೊಡುವ ಸಾಕ್ಷ್ಯ ಅದು. ಆ ಧಾರೆ ಬರಬರುತ್ತಾ ಸಣ್ಣಗಾದರೆ ಎಂಜಿನ್ ಇನ್ನೂ ಚೆನ್ನಾಗಿ ಓಡುತ್ತಿದ್ದರೂ ಕೇಡು ಹೊಸಲಿಗೆ ಬಂದಿದೆ ಎಂದು ತಿಳಿಯಬೇಕು.

ಮೂರನೆಯದು ರೂಪ; ಕಣ್ಣಿಗೆ ಕಾಣುವ ಲಕ್ಷಣ. ಪ್ಲಗ್ಗಿನ ತುದಿ ಕಂದು ಬಣ್ಣಕ್ಕಿದ್ದರೆ ಉರಿ ಸರಿಯಾಗಿದೆ. ಕಪ್ಪಾಗಿ ಒದ್ದೆಯಾಗಿದ್ದರೆ ಇಂಧನ ಪೂರ್ತಿ ಉರಿಯುತ್ತಿಲ್ಲ. ಸುಣ್ಣದಂತೆ ಬೆಳ್ಳಗಿದ್ದರೆ ಕಾವು ಅತಿಯಾಗಿದೆ. ಅಡಿಯ ಗೇರಿನ ಆಯಿಲು ಹಾಲಿನಂತೆ ಬೆಳ್ಳಗೆ ಕದಡಿದ್ದರೆ ಸೀಲು ಸವೆದು ಒಳಗೆ ನೀರು ಸೇರಿದೆ. ಎಂಜಿನ್ ಭೋರ್ಗರೆದರೂ ದೋಣಿ ಮುಂದೆ ಹೋಗದಿದ್ದರೆ ರೋಗವಿರುವುದು ಎಂಜಿನ್ನಿನಲ್ಲಿ ಅಲ್ಲ, ಕೆಳಗೆ ತಿರುಗುವ ಫ್ಯಾನಿನ ಕಡೆ.

ಆದರೆ ಲಕ್ಷಣದಿಂದ ಕಾರಣಕ್ಕೆ ಹಾರುವಾಗ ಎಚ್ಚರ ಬೇಕು. ತರ್ಕವನ್ನು ಓದಿದವರಿಗೆ ಹೊಗೆ ಮತ್ತು ಬೆಂಕಿಯ ಉದಾಹರಣೆ ಚಿರಪರಿಚಿತ. ಬೆಟ್ಟದಲ್ಲಿ ಹೊಗೆಯಿದೆ, ಆದುದರಿಂದ ಬೆಂಕಿಯಿದೆ ಎಂಬುದು ಸರಿಯಾದ ಅನುಮಾನ. ಬೆಂಕಿಯಿದೆ, ಆದುದರಿಂದ ಹೊಗೆಯಿದೆ ಎಂಬುದು ಸರಿಯಲ್ಲ. ಅದಕ್ಕೆ ಹಸಿ ಸೌದೆಯೆಂಬ ಉಪಾಧಿ ಬೇಕು. ಎಂಜಿನ್ನಿನ ಮುಂದೆ ನಿಂತವರು ಈ ಪಾಠವನ್ನು ಮರೆಯುತ್ತಾರೆ. “ಹೊಗೆ ಬರುತ್ತಿದೆ, ಆದುದರಿಂದ ರಿಂಗು ಹೋಗಿದೆ” ಎನ್ನುವ ಮೆಕ್ಯಾನಿಕ್ಕುಗಳು ಕಡಮೆಯಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲು ಇಂಧನದೊಡನೆಯೇ ಬೆರೆತು ಉರಿಯುವುದರಿಂದ ಆರೋಗ್ಯದಲ್ಲಿಯೂ ಅದು ಹೊಗೆ ಕಾರುತ್ತದೆ. ಹೇತುವು ಸಾಧ್ಯವಿಲ್ಲದೆಡೆಯಲ್ಲಿಯೂ ಕಾಣಿಸಿಕೊಂಡರೆ ನೈಯಾಯಿಕರು ಅದನ್ನು ಸವ್ಯಭಿಚಾರವೆಂಬ ಹೇತ್ವಾಭಾಸಕ್ಕೆ ಸೇರಿಸುತ್ತಾರೆ. ಗ್ಯಾರೇಜಿನಲ್ಲಿ ಅದಕ್ಕೆ ತೆರುವ ದಂಡ ಹೊಸ ಪಿಸ್ಟನ್ನು, ಹೊಸ ರಿಂಗುಗಳ ಬೆಲೆ.

ನಾಲ್ಕನೆಯದಾದ ಉಪಶಯ ಬಹಳ ಸ್ವಾರಸ್ಯವಾದುದು. ರೋಗ ಯಾವುದೆಂದು ನಿಶ್ಚಯವಾಗದಿದ್ದಾಗ ಒಂದು ಔಷಧ ಅಥವಾ ಪಥ್ಯವನ್ನು ಕೊಟ್ಟು, ಗುಣ ಕಂಡರೆ ಇಂಥ ರೋಗ, ಕಾಣದಿದ್ದರೆ ಬೇರೆ ಎಂದು ತಿಳಿಯುವ ಮಾರ್ಗವದು. ಹಳೆಯ ಎಂಜಿನ್ನಿನ ಮುಂದೆ ನಿಂತ ಪಾಮರನಿಗೆ ಇದಕ್ಕಿಂತ ಒಳ್ಳೆಯ ಆಯುಧವಿಲ್ಲ. ಐದು ನಿಮಿಷ ಓಡಿ ಎಂಜಿನ್ ನಿಲ್ಲುತ್ತದೆಯೆ? ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ತಿರುಪನ್ನು ಸಡಿಲಿಸಿ ನೋಡಬೇಕು. ಅಷ್ಟರಿಂದಲೇ ಓಡಿದರೆ ದೊಡ್ಡ ದುರಸ್ತಿಯ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಒಂದು ಸಿಲಿಂಡರು ಕೆಲಸಮಾಡುತ್ತಿಲ್ಲವೆ? ಎರಡರ ಪ್ಲಗ್ಗುಗಳನ್ನೂ ಅದಲುಬದಲು ಮಾಡಬೇಕು. ದೋಷವು ಪ್ಲಗ್ಗಿನೊಡನೆ ಸ್ಥಳ ಬದಲಿಸಿದರೆ ತಪ್ಪು ಪ್ಲಗ್ಗಿನದು. ಇದ್ದಲ್ಲಿಯೇ ಉಳಿದರೆ ಬೇರೆಡೆ ಹುಡುಕಬೇಕು. ಕಾಸಿನ ಖರ್ಚಿಲ್ಲದ ಪ್ರಯೋಗಗಳಿವು.

ನಮ್ಮ ಮೆಕ್ಯಾನಿಕ್ಕನ್ನು ಪ್ಲಗ್ಗು ಬದಲಿಸಿ ತೋರಿಸಲು ಕೇಳಿಕೊಂಡೆವು. ಅವನು ಮುನಿಸಿಕೊಳ್ಳದೆ ಮಾಡಿದನು. ದೋಷ ಮೇಲಿನ ಸಿಲಿಂಡರಿನಲ್ಲಿಯೇ ಉಳಿಯಿತು. ಆಮೇಲೆ ಚೀಲದಿಂದ ಒತ್ತಡ ಅಳೆಯುವ ಗೇಜನ್ನು ತೆಗೆದು, ಎರಡೂ ಪ್ಲಗ್ಗುಗಳನ್ನು ಬಿಚ್ಚಿ, ಥ್ರಾಟಲನ್ನು ಪೂರ್ತಿ ತೆರೆದು, ಒಂದೊಂದು ಸಿಲಿಂಡರಿಗೂ ಅದನ್ನು ತಿರುಗಿಸಿ ಕೂಡಿಸಿ, ಸಮಸಂಖ್ಯೆಯಲ್ಲಿ ಹಗ್ಗ ಎಳೆದನು. ಕೆಳಗಿನದರಲ್ಲಿ ಮುಳ್ಳು ಏರಿದ ಎತ್ತರದ ಮೂರರಲ್ಲಿ ಎರಡು ಪಾಲಿಗೂ ಮೇಲಿನದರಲ್ಲಿ ಏರಲಿಲ್ಲ. ಎರಡರ ನಡುವೆ ಶೇಕಡಾ 10ರಷ್ಟು ವ್ಯತ್ಯಾಸವನ್ನು ಈ ಕಸುಬಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. 15ನ್ನು ದಾಟಿದರೆ ಸಂಶಯ. ಇಲ್ಲಿ ನೆನಪಿಡಬೇಕಾದ ವಿಷಯವೊಂದುಂಟು. ಗೇಜು ಹಳೆಯದಾಗಿ ಅಂಕಿ ತಪ್ಪು ತೋರಿಸಬಹುದು, ಎಳೆಯುವ ಕೈ ಸೋತಿರಬಹುದು. ಆದರೆ ಒಂದೇ ಗೇಜು, ಒಂದೇ ಕೈ, ಒಂದೇ ಎಂಜಿನ್ನಿನ ಎರಡು ಸಿಲಿಂಡರು ಎಂದಾಗ ಒಂದು ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ. ಅಂಕಿಗಿಂತ ಅಂತರವೇ ಹೆಚ್ಚು ನಂಬಿಕೆಗೆ ಅರ್ಹ.

ಹಾಗಾದರೆ ಕಾರ್ಬೊರೇಟರನ್ನು ಶುಚಿಮಾಡಿದಾಗ ಎರಡು ಬಾರಿಯೂ ಗುಣ ಕಂಡದ್ದು ಸುಳ್ಳೆ? ಸುಳ್ಳಲ್ಲ. ಈ ಎಂಜಿನ್ನುಗಳನ್ನು ಪೆಟ್ರೋಲಿನಲ್ಲಿ ಹೊರಡಿಸಿ, ಕಾವೇರಿದ ಮೇಲೆ ಸೀಮೆಎಣ್ಣೆಗೆ ಬದಲಿಸುತ್ತಾರೆ. ಪೆಟ್ರೋಲು ತಣ್ಣಗಿದ್ದಾಗಲೂ ಬೇಗ ಆವಿಯಾಗಿ ಹೊತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಆವಿಯಾಗಲು ಕಾವು ಬೇಕು. ಒತ್ತಡ ಕುಗ್ಗಿದ ಸಿಲಿಂಡರೂ ಪೆಟ್ರೋಲಿನಲ್ಲಿ ಹೇಗೋ ನಡೆದೀತು. ಸೀಮೆಎಣ್ಣೆಯಲ್ಲಿ ಅದು ಸೋಲುತ್ತದೆ. ಗ್ಯಾರೇಜಿನವರು ಶುಚಿಮಾಡಿ ಡ್ರಮ್ಮಿನ ನೀರಿನಲ್ಲಿ ಪೆಟ್ರೋಲು ಹಾಕಿ ಓಡಿಸಿ ತೋರಿಸುತ್ತಿದ್ದರಂತೆ. ಅಲ್ಲಿ ದೋಣಿಯ ಭಾರವೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ಗುಣ ಕಂಡದ್ದು ನಿಜ, ಅದರ ಕಾರಣ ಬೇರೆ. ಉಪಶಯವನ್ನು ಬಳಸುವವನು ಒಂದು ಬಾರಿಗೆ ಒಂದನ್ನೇ ಬದಲಿಸಬೇಕು, ರೋಗ ಕಾಣಿಸಿಕೊಂಡ ಸನ್ನಿವೇಶದಲ್ಲಿಯೇ ಪರೀಕ್ಷಿಸಬೇಕು. ಇದನ್ನು ಕೇಳಿ ಮಾರುವವನ ಮುಖ ಬಾಡಿತು. ಅವನು ಸುಳ್ಳುಗಾರನಾಗಿರಲಿಲ್ಲ, ಬೇರೊಬ್ಬರ ತಪ್ಪು ನಿದಾನಕ್ಕೆ ಎರಡು ಬಾರಿ ಹಣ ತೆತ್ತವನಾಗಿದ್ದನು.

ಕಡೆಯ ಮೆಟ್ಟಿಲು

ಐದನೆಯದು ಸಂಪ್ರಾಪ್ತಿ. ಹೇತುವಿನಿಂದ ಹೊರಟ ದೋಷವು ಯಾವ ದಾರಿಯಲ್ಲಿ ಸಾಗಿ, ಎಲ್ಲಿ ನೆಲೆಗೊಂಡು ಈ ರೋಗವಾಯಿತು ಎಂಬ ಕಥನ. ಬಿಡಿ ಲಕ್ಷಣಗಳನ್ನು ಯಾರು ಬೇಕಾದರೂ ಪಟ್ಟಿಮಾಡಬಹುದು. ಅವುಗಳ ನಡುವಣ ದಾರಿಯನ್ನು ತೋರಿಸಬಲ್ಲವನೇ ಬಲ್ಲವನು. ಆದುದರಿಂದ ಮೆಕ್ಯಾನಿಕ್ಕನ್ನು ಕೇಳಬೇಕಾದ ಮುಖ್ಯ ಪ್ರಶ್ನೆ “ಏನು ಕೆಟ್ಟಿದೆ?” ಎಂಬುದಲ್ಲ, “ಇದೇ ಏಕೆ ಕೆಟ್ಟಿತು, ಅದೇಕೆ ಕೆಡಲಿಲ್ಲ?” ಎಂಬುದು.

ನನ್ನ ವಿದ್ಯಾರ್ಥಿ ಈ ಪ್ರಶ್ನೆಯನ್ನು ಕೇಳಿದನು. ಮೇಲಿನದೇ ಏಕೆ? ಮೆಕ್ಯಾನಿಕ್ಕು ಮೊದಲ ಬಾರಿಗೆ ನಕ್ಕು, ಎಂಜಿನ್ನಿನ ಕೆಳಭಾಗಕ್ಕೆ ಬೆರಳು ತೋರಿಸಿ, “ಪಂಪ್ ಕಾಣಿ” ಎಂದನು. ಅವನ ಎರಡು ಪದಗಳನ್ನು ಬಿಡಿಸಿದರೆ ಇಷ್ಟು ಅರ್ಥ: ತಂಪು ನೀರನ್ನೆತ್ತುವ ಪಂಪು ಇರುವುದು ಅಡಿಯಲ್ಲಿ, ಗೇರಿನ ಪೆಟ್ಟಿಗೆಯ ಮೇಲೆ. ಅದರೊಳಗೆ ರಬ್ಬರಿನ ಎಸಳುಗಳ ಒಂದು ಚಕ್ರ. ಮರಳು ತಾಗಿ, ವರ್ಷಗಳು ಸಂದು, ಎಸಳುಗಳು ಸವೆಯುತ್ತವೆ, ಮುರಿಯುತ್ತವೆ. ಉಪ್ಪು ಕಟ್ಟಿ ನೀರಿನ ಹಾದಿಯೂ ಕಿರಿದಾಗುತ್ತದೆ. ಹರಿವು ತಗ್ಗಿದಾಗ ಅದರ ಬರ ಮೊದಲು ತಟ್ಟುವುದು ಎತ್ತರದಲ್ಲಿರುವ ಸಿಲಿಂಡರಿಗೆ. ಅಲ್ಲಿ ಕಾವು ಮಿತಿಮೀರಿ ಪಿಸ್ಟನ್ನು ಹಿಗ್ಗಿ, ಗೋಡೆಗೆ ಉಜ್ಜಿ ಗೀರೆಬ್ಬಿಸುತ್ತದೆ. ಗೀರಿನ ದಾರಿಯಲ್ಲಿ ಒತ್ತಡ ಸೋರಿಹೋಗುತ್ತದೆ. ಬದಿಯ ನೀರಿನ ಧಾರೆ ಸಣ್ಣಗಿದ್ದುದನ್ನು ನಾವೆಲ್ಲರೂ ನೋಡಿದ್ದೆವು. ಅದರ ಅರ್ಥವನ್ನು ಓದಿದವನು ಅವನೊಬ್ಬನೆ.

ಇಷ್ಟಾದರೂ ಅದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ಒತ್ತಡ ತಗ್ಗಲು ಹೆಡ್ಡಿನ ಗ್ಯಾಸ್ಕೆಟು ಸುಟ್ಟಿದ್ದರೂ ಸಾಕು. ಅದು ಅಗ್ಗದ ದುರಸ್ತಿ. ಹೆಡ್ಡು ಬಿಚ್ಚಿ ನೋಡಿದ ಹೊರತು ಎರಡನ್ನೂ ಬೇರ್ಪಡಿಸುವುದು ಕಷ್ಟ. ಬಿಚ್ಚಿದರೆ ಗ್ಯಾಸ್ಕೆಟ್ಟಿನ ಖರ್ಚನ್ನು ಯಾರು ವಹಿಸಬೇಕು? ಮಾರುವವನು ಒಪ್ಪಲಿಲ್ಲ, ಒಪ್ಪಬೇಕೆಂಬ ನ್ಯಾಯವೂ ಇರಲಿಲ್ಲ. ವಿದ್ಯಾರ್ಥಿಯ ತಂದೆ, ಅದುವರೆಗೆ ಸುಮ್ಮನೆ ನಿಂತಿದ್ದವರು, “ಗ್ಯಾಸ್ಕೆಟ್ ನಮ್ದ್ ಆಯ್ಲಿ, ಬಿಚ್ಚಿ” ಎಂದರು. ತೆರೆದು ನೋಡಿದಾಗ ಗ್ಯಾಸ್ಕೆಟ್ಟಿಗೆ ಏನೂ ಆಗಿರಲಿಲ್ಲ. ಮೇಲಿನ ಸಿಲಿಂಡರಿನ ಗೋಡೆಯಲ್ಲಿ ಉಗುರಿಗೆ ತಡೆಯುವಷ್ಟು ಆಳದ ಗೀರುಗಳಿದ್ದುವು. ಮಾರುವವನೇ ಕುತೂಹಲದಿಂದ ಕೆಳಗಿನ ಪಂಪನ್ನೂ ಬಿಚ್ಚಿಸಿದನು. ರಬ್ಬರಿನ ಎಸಳುಗಳಲ್ಲಿ ಎರಡು ಇರಲೇ ಇಲ್ಲ.

ವ್ಯಾಪಾರ ನಡೆಯಲಿಲ್ಲ. ಬೇರೆ ಎಂಜಿನ್ ಕೈಗೆ ಹತ್ತುವಷ್ಟರಲ್ಲಿ ಜೂನ್ ಕಳೆದಿತ್ತು. ಅಣ್ಣ ಆ ಮಳೆಗಾಲ ಮತ್ತೊಬ್ಬರ ದೋಣಿಯಲ್ಲಿ ಪಾಲಿಗೆ ದುಡಿದನು. ಸರಿಯಾದ ನಿದಾನದಿಂದ ಲಾಭವೇ ಆಗುತ್ತದೆಂದಿಲ್ಲ. ಅವರಿಗಾದುದು ಒಂದು ಗ್ಯಾಸ್ಕೆಟ್ಟಿನ ಬೆಲೆ ಮತ್ತು ಒಂದು ಋತುವಿನ ಸ್ವಂತ ದುಡಿಮೆಯ ನಷ್ಟ; ತಪ್ಪಿದುದು ಅಳಿವೆಯ ಬಾಯಲ್ಲಿ ಎಂಜಿನ್ ನಿಲ್ಲುವ ಭಯ.

ಆಪ್ತನಾರು?

ಎಲ್ಲವನ್ನೂ ಬಿಚ್ಚಿ ನೋಡುವ ಅವಕಾಶ ಎಲ್ಲರಿಗೂ ಎಲ್ಲ ವೇಳೆಯೂ ದೊರೆಯದು. ಕಡೆಗೊಮ್ಮೆ ಯಾರದೋ ಮಾತನ್ನು ನಂಬಲೇಬೇಕು. ನ್ಯಾಯಶಾಸ್ತ್ರವು ಆಪ್ತನ ಮಾತನ್ನು ಪ್ರತ್ಯೇಕ ಪ್ರಮಾಣವೆಂದೇ ಅಂಗೀಕರಿಸಿದೆ. ಆಪ್ತನೆಂದರೆ ಸ್ನೇಹಿತನಲ್ಲ, ವಿಷಯವನ್ನು ಸಾಕ್ಷಾತ್ತಾಗಿ ಕಂಡವನು, ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಎಂದು ಭಾಷ್ಯಕಾರ ವಾತ್ಸ್ಯಾಯನನ ವಿವರಣೆ. ಅಂಥವನು ಋಷಿಯಾಗಿರಬಹುದು, ಆರ್ಯನಾಗಿರಬಹುದು, ಮ್ಲೇಚ್ಛನೂ ಆಗಿರಬಹುದೆಂದು ಅವನು ಹೇಳುತ್ತಾನೆ. ಕುಲವಾಗಲಿ ಭಾಷೆಯಾಗಲಿ ಅಲ್ಲಿ ಅಡ್ಡಬರುವುದಿಲ್ಲ.

ಎರಡು ಲಕ್ಷಣಗಳನ್ನೂ ಗ್ಯಾರೇಜಿನಲ್ಲಿ ಪರೀಕ್ಷಿಸಬಹುದು. ಕಂಡವನೆ? ಎಂಜಿನ್ ತಣ್ಣಗಿರುವಾಗಲೇ ಬಂದು ಮೊದಲ ಎಳೆತವನ್ನು ನೋಡಿದನೆ, ಅಥವಾ ಮಾರುವವನು ಮೊದಲೇ ಕಾಯಿಸಿಟ್ಟುದನ್ನು ಓಡಿಸಿ ತೃಪ್ತನಾದನೆ? ಅಳೆದು ಹೇಳಿದನೆ, ಆಲಿಸಿಯೇ ಹೇಳಿದನೆ? “ಯಾವ ಗುರುತಿನಿಂದ ಹೇಳುತ್ತೀರಿ?” ಎಂದು ಮರ್ಯಾದೆಯಿಂದ ಕೇಳಿದರೆ ಕಂಡವನು ಗುರುತನ್ನು ತೋರಿಸುತ್ತಾನೆ, ಕಾಣದವನು ತನ್ನ ಅನುಭವದ ವರ್ಷಗಳನ್ನು ಎಣಿಸುತ್ತಾನೆ. ಕಂಡಂತೆ ಹೇಳುವ ಇಚ್ಛೆಯುಳ್ಳವನೆ? ದುರಸ್ತಿಯ ಕೆಲಸ ತನಗೇ ಸಿಗುವಂತಿದ್ದಾಗ ದೊಡ್ಡ ರೋಗ ಕಾಣುವುದು ಮನುಷ್ಯಸಹಜ. ಆ ಮೆಕ್ಯಾನಿಕ್ಕು “ಬ್ಯಾಡ” ಎಂದಾಗ ತನಗೆ ಬರಬಹುದಾಗಿದ್ದ ಕೆಲಸವನ್ನೇ ಕಳೆದುಕೊಂಡನು. ಅವನ ಮಾತಿಗೆ ತೂಕ ಕೊಟ್ಟ ಸಂಗತಿಗಳಲ್ಲಿ ಇದೂ ಒಂದು. ಲಾಭವಿರುವವನ ಮಾತೆಲ್ಲ ಸುಳ್ಳೆಂದಲ್ಲ. ಅಂಥ ಮಾತಿಗೆ ಇನ್ನೊಬ್ಬ ಸಾಕ್ಷಿ ಬೇಕು, ಅಷ್ಟೆ.

ಪ್ರಶ್ನಿಸುವುದು ಅವಮರ್ಯಾದೆಯಲ್ಲ. ತನ್ನ ವಿದ್ಯೆಯನ್ನು ಯಾರೂ ಕೇಳುವುದಿಲ್ಲವೆಂಬುದೇ ಕುಶಲಿಯಾದ ಕೆಲಸಗಾರನ ಕೊರಗು. ಜನ ಅವನನ್ನು ಒಂದೋ ಕಣ್ಣು ಮುಚ್ಚಿ ನಂಬುತ್ತಾರೆ, ಇಲ್ಲವೆ ಕಳ್ಳನೆಂದು ಮೊದಲೇ ನಿಶ್ಚಯಿಸಿ ಬರುತ್ತಾರೆ. ಎರಡರಲ್ಲಿಯೂ ಅವನ ವಿದ್ಯೆಗೆ ಗೌರವವಿಲ್ಲ. ಕಾರಣವನ್ನು ಕೇಳಿ, ಉತ್ತರವನ್ನು ತೂಗಿ, ಆಮೇಲೆ ನಂಬುವವನು ಅವನನ್ನು ಶಾಸ್ತ್ರಜ್ಞನೆಂದು ಗಣಿಸಿದ ಹಾಗಾಯಿತು.

ಕಡೆಯದಾಗಿ ಒಂದು ಶಬ್ದದ ವಿಚಾರ. ಮೂಲಕಾರಣವನ್ನು ಅರಿಯುವುದು ನಿದಾನ. ಸಾವಕಾಶವಾಗಿ ನಡೆಯುವುದು ನಿಧಾನ. ಒಂದರಲ್ಲಿ ಅಲ್ಪಪ್ರಾಣ, ಇನ್ನೊಂದರಲ್ಲಿ ಮಹಾಪ್ರಾಣ. ಮಹಾಪ್ರಾಣ ಸವೆದುಹೋದ ಆಡುಮಾತಿನಲ್ಲಿ ಎರಡೂ ಒಂದೇ ಆಗಿ ಕೇಳಿಸುತ್ತವೆ. ತರಗತಿಯಲ್ಲಿ ನಾವು ಈ ಭೇದವನ್ನು ಕೆಂಪು ಶಾಯಿಯಿಂದ ತಿದ್ದುತ್ತೇವೆ, ತಿದ್ದಲೂ ಬೇಕು. ಆದರೆ ಹಳೆಯ ಎಂಜಿನ್ನಿನ ಮುಂದೆ ಸಾಲದ ಹಣವನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಎರಡನೆಯದಿಲ್ಲದೆ ಮೊದಲನೆಯದು ಲಭಿಸುವುದಿಲ್ಲ. ಮಳೆ ಹತ್ತಿರ ಬಂದಿದೆ, ಬೇರೆ ಗಿರಾಕಿ ಕಾದಿದ್ದಾನೆ, ಇಂದೇ ತೀರ್ಮಾನವಾಗಲಿ ಎಂದು ಅವಸರಪಡಿಸುವವರು ಇದ್ದೇ ಇರುತ್ತಾರೆ. ಅಂಥ ಹೊತ್ತಿನಲ್ಲಿ ಒಂದು ದಿನ ತಡೆದು, ಎಂಜಿನ್ ತಣ್ಣಗಾದ ಮೇಲೆ ಮತ್ತೊಮ್ಮೆ ಹಗ್ಗ ಎಳೆದು ನೋಡುವುದರಿಂದ ಕೊಳ್ಳುವವನಿಗೆ ನಷ್ಟವಾಗುವುದು ಅಪರೂಪ.